ಬಂದ ಉದ್ದೇಶ

ನನಗೆ ಅನುಮಾನ ಸ್ವಲ್ಪ ಜಾಸ್ತಿ. ತಪ್ಪೊಪ್ಪಿಗೆ ಎಂದು ಹೇಳುತ್ತಿಲ್ಲ. ಲಾಡ್ಜು ನಡೆಸುವವಳಿಗೆ ಅನುಮಾನ ಇಲ್ಲದಿದ್ದರೆ ಮೂರೇ ದಿನಕ್ಕೆ ಬಾಗಿಲಿಗೆ ಕೀಲಿ ಹಾಕಿಕೊಂಡು ಮನೆಗೆ ಹೋಗಬೇಕಾಗುತ್ತದೆ. ಬಾದಾಮಿಯ ಬಸ್ ನಿಲ್ದಾಣದ ಎದುರಿಗೆ ಕೆಳಗೊಂದು ಕಿರಾಣಿ ಅಂಗಡಿ, ಅದರ ಮೇಲೆ ನನ್ನ ಹತ್ತು ರೂಮು. ಗುಹೆ ನೋಡಲು ಬರುವವರು, ಬನಶಂಕರಿಗೆ ಹೋಗುವವರು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವ ಹುಚ್ಚರು, ಔಷಧಿ ಕಂಪನಿಯ ಏಜೆಂಟರು, ಇವರೇ ನನ್ನ ಗಿರಾಕಿಗಳು. ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳವಾದ ಕೂಡಲೇ ಬರುವವರು ಎಷ್ಟು ಮಂದಿ, ಎಂಥವರು ಎಂದು ಅಂದಾಜು ಮಾಡುತ್ತೇನೆ. ಗಂಡ ಹೆಂಡತಿ ಎಂದು ಹೇಳಿಕೊಂಡು ಬಂದವರು ಒಬ್ಬರಿಗೊಬ್ಬರು ತೀರ ಮರ್ಯಾದೆ ಕೊಟ್ಟು ಮಾತಾಡುತ್ತಿದ್ದರೆ ಅವರು ಗಂಡ ಹೆಂಡತಿ ಅಲ್ಲ. ಇಪ್ಪತ್ತು ವರ್ಷ ಕೌಂಟರಿನ ಹಿಂದೆ ಕೂತು ಕಲಿತದ್ದು, ಸುಮ್ಮನೆ ಹೇಳುತ್ತಿಲ್ಲ.

ಕೌಂಟರಿನ ಮೇಲೆ ಒಂದು ರಿಜಿಸ್ಟರ್ ಇರುತ್ತದೆ. ಹೆಸರು, ವಿಳಾಸ, ಮೊಬೈಲ್ ನಂಬರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಕೊನೆಗೆ ‘ಬಂದ ಉದ್ದೇಶ’. ಆ ಕೊನೆಯ ಕಾಲಮ್ಮಿನಲ್ಲಿ ಎಲ್ಲರೂ ಬರೆಯುವುದು ಎರಡೇ ಮಾತು: ‘ದರ್ಶನ’ ಅಥವಾ ‘ಪ್ರವಾಸ’. ರೂಮಿನೊಳಗೆ ಕೂತು ಇಸ್ಪೀಟು ಆಡಿ, ಕುಡಿದು, ಬೆಳಗಾಗುವುದರೊಳಗೆ ಜಾಗ ಖಾಲಿ ಮಾಡಿದವರೂ ಅಲ್ಲಿ ‘ದರ್ಶನ’ ಎಂದೇ ಬರೆದಿದ್ದಾರೆ. ನಾನು ಒಂದು ದಿನವೂ ಯಾವ ದೇವರ ದರ್ಶನ ಎಂದು ಕೇಳಿಲ್ಲ. ಕಾಲಮ್ಮು ತುಂಬಿರಬೇಕು, ಅಷ್ಟೇ.

ಗೋಡೆಯ ಮೇಲೆ ನಮ್ಮ ಮನೆಯವರು ಬರೆಸಿ ಹಾಕಿದ ಬೋರ್ಡ್ ಒಂದಿತ್ತು. ‘ಸ್ಥಳೀಯರಿಗೆ ರೂಮು ಕೊಡುವುದಿಲ್ಲ. ಪ್ರವೇಶದ ಹಕ್ಕು ಮಾಲೀಕರಿಗೆ ಸೇರಿದ್ದು.’ ಸ್ಥಳೀಯರು ಎಂದರೆ ಬಾದಾಮಿಯವರಷ್ಟೇ ಅಲ್ಲ. ಆಧಾರ್ ಕಾರ್ಡಿನಲ್ಲಿ ಬಾಗಲಕೋಟೆ ಜಿಲ್ಲೆ ಎಂದಿದ್ದರೆ ನಮ್ಮ ಪಾಲಿಗೆ ಅವರು ಸ್ಥಳೀಯರೇ. ಹತ್ತಿರದಲ್ಲೇ ಸ್ವಂತ ಮನೆ ಇಟ್ಟುಕೊಂಡು ಲಾಡ್ಜಿಗೆ ಯಾಕೆ ಬರಬೇಕು? ಬಂದರೆ ಏನೋ ಇದೆ ಎಂದೇ ಅರ್ಥ. ನಮ್ಮ ಲಾಡ್ಜಿನಲ್ಲಿ ಮಾತ್ರವಲ್ಲ, ಸುತ್ತಲಿನ ಅನೇಕ ಲಾಡ್ಜುಗಳಲ್ಲಿ ಇದೇ ಪದ್ಧತಿ. ಕೇಳಿದರೆ ಯಾರೂ ಕಾರಣ ಹೇಳುವುದಿಲ್ಲ, ರೂಮು ಖಾಲಿ ಇಲ್ಲ ಎಂದುಬಿಡುತ್ತಾರೆ.

ನಮ್ಮ ಬೋರ್ಡಿಗೆ ಕಾರಣ ಇತ್ತು. ಬಹಳ ಹಿಂದೆ, ಪಕ್ಕದ ಹಳ್ಳಿಯವನೊಬ್ಬ ಬಂದು ಆರನೆಯ ನಂಬರಿನ ರೂಮು ಹಿಡಿದ. ಬೆಳಿಗ್ಗೆ ಬೇಗ ಕೆಲಸ ಇದೆ ಎಂದಿದ್ದ. ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ಒಡೆದು ನೋಡಿದಾಗ ತಾನೇ ಜೀವ ತೆಗೆದುಕೊಂಡಿದ್ದ. ಆಮೇಲೆ ನಮ್ಮ ಮನೆಯವರನ್ನು ಎಷ್ಟು ಸಲ ಕರೆಸಿ ಕೂಡಿಸಿಕೊಂಡರೋ ಲೆಕ್ಕವಿಲ್ಲ. ಪೊಲೀಸರಷ್ಟೇ ಅಲ್ಲ, ಸತ್ತವನ ಕಡೆಯವರು, ನೆರೆಯವರು, ನಮ್ಮ ಸ್ವಂತ ಬೀಗರು, ಎಲ್ಲರದೂ ಒಂದೇ ಪ್ರಶ್ನೆ: “ಮಾರಿ ನೋಡಿ ತಿಳೀಲಿಲ್ಲೇನ್ರಿ?” ಮುಂದೆ ಎರಡು ವರ್ಷ ನಮ್ಮ ಮನೆಯವರು ಬದುಕಿದ್ದರು. ಊಟಕ್ಕೆ ಕೂತಾಗಲೂ ತುತ್ತು ಕೈಯಲ್ಲೇ ಹಿಡಿದು ಅದೇ ಮಾತನ್ನು ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು. ಡಾಕ್ಟರು ಅವರ ಸಾವಿಗೆ ಹೃದಯದ ಕಾರಣ ಹೇಳಿದರು. ನನಗೆ ಅದರ ಮೇಲೂ ಅನುಮಾನವಿದೆ.

ಲಾಡ್ಜಿನ ಜೊತೆಗೆ ಆ ಬೋರ್ಡೂ ನನ್ನ ಪಾಲಿಗೆ ಬಂತು.

ಹೋದ ವರ್ಷ ಶ್ರಾವಣ ಮುಗಿದ ಮೇಲೆ ಒಂದು ಮಂಗಳವಾರ, ಹೊತ್ತು ಹನ್ನೊಂದಾಗಿರಬಹುದು, ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ನಲವತ್ತರ ಆಸುಪಾಸು. ಇಳಕಲ್ ಸೀರೆ, ಅದೂ ಅಂಗಡಿಯದಲ್ಲ, ಮನೆಯಲ್ಲೇ ನೇಯುವಾಗ ಎಲ್ಲೋ ತಪ್ಪಾಗಿ ಮಾರಾಟವಾಗದೆ ಉಳಿದದ್ದು. ಸೆರಗಿನ ಜೋಡಣೆ ಒಂದು ಕಡೆ ಸೊಟ್ಟಗಾಗಿತ್ತು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಫೋನು ಕಾಣಲಿಲ್ಲ. ಇವತ್ತಿನ ಕಾಲದಲ್ಲಿ ಫೋನಿಲ್ಲದೆ ಬಂದವಳು ಎಂದು ಅಲ್ಲಿಗೇ ನನ್ನ ಮನಸ್ಸಿನಲ್ಲಿ ಮೊದಲ ಗೆರೆ ಬಿತ್ತು.

“ರೂಮ್ ಐತೇನ್ರಿ ಅಕ್ಕಾರ? ಸಂಜಿಗೆ ಹೋಗಿಬಿಡ್ತೇನಿ.”

“ಎಷ್ಟ ಮಂದಿ?”

“ನಾ ಒಬ್ಬಾಕಿನ.”

ನಮ್ಮಲ್ಲಿ ಮೊದಲು ರಿಜಿಸ್ಟರ್, ಆಮೇಲೆ ಆಧಾರ್. ಪುಸ್ತಕ ಅವಳ ಕಡೆಗೆ ತಿರುಗಿಸಿ ಪೆನ್ನು ಕೊಟ್ಟೆ. ದುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಬರೆದಳು. ಮೊಬೈಲ್ ಕಾಲಮ್ಮಿಗೆ ಬಂದಾಗ, “ನಂದು ಫೋನಿಲ್ರಿ, ಮನಿಯವ್ರದು ಹಾಕ್ಲೇನು?” ಎಂದು ಕೇಳಿ ಗಂಡನ ನಂಬರು ಹಾಕಿದಳು. ಕೊನೆಯ ಕಾಲಮ್ಮಿನಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಆಮೇಲೆ ಬರೆದದ್ದನ್ನು ನಾನು ತಲೆಕೆಳಗಾಗಿಯೇ ಓದಿದೆ: ‘ಮಲಗಲು.’

“ಇದೇನವಾ ಇದು, ಮಲಗಲು?”

“ಮಲಗಾಕ ಬಂದೇನ್ರಿ.”

“ಮನ್ಯಾಗ ಮಲಗಾಕ ಜಾಗಾ ಇಲ್ಲೇನು?”

“ಜಾಗಾ ಐತ್ರಿ. ನಿದ್ದಿ ಇಲ್ಲ.”

ಆಧಾರ್ ತೆಗೆದುಕೊಂಡೆ. ಇಳಕಲ್. ಅಂದರೆ ನಮ್ಮ ಜಿಲ್ಲೆ, ಎರಡೂವರೆ ತಾಸಿನ ಬಸ್ ದಾರಿ. ಎರಡೂವರೆ ತಾಸು ಬಸ್ಸಿನಲ್ಲಿ ಕೂತು, ಹಾಡುಹಗಲು, ಒಂಟಿ ಹೆಂಗಸು ಮಲಗಲಿಕ್ಕೆ ಬಂದಿದ್ದಾಳೆ! ನನ್ನ ತಲೆಯೊಳಗೆ ಒಂದೇ ಸಮ ಗಂಟೆ ಹೊಡೆಯತೊಡಗಿತು. ಯಾರೋ ಹಿಂದಿನಿಂದ ಬರುವವನಿದ್ದಾನೆ. ಇಲ್ಲವೆಂದರೆ ಜಗಳ ಮಾಡಿಕೊಂಡು ಬಂದಿದ್ದಾಳೆ. ಅದೂ ಇಲ್ಲವೆಂದರೆ ಆರನೆಯ ನಂಬರಿನ ಕಥೆ.

“ರೂಮ್ ಖಾಲಿ ಇಲ್ಲ ನೋಡವಾ,” ಅಂದೆ.

ಅವಳು ನನ್ನ ಬೆನ್ನ ಹಿಂದೆ ನೋಡಿದಳು. ಕೀಲಿ ನೇತುಹಾಕುವ ಹಲಗೆ ಅಲ್ಲೇ ಇದೆ. “ಏಳು ಕೀಲಿ ಅದಾವಲ್ರಿ,” ಅಂದಳು, ಜಗಳದ ದನಿಯಲ್ಲಲ್ಲ, ಇದ್ದದ್ದನ್ನು ಇದ್ದ ಹಾಗೆ.

ನನಗೆ ಮೈ ಉರಿಯಿತು. ಸುಳ್ಳು ಹೇಳಿ ಸಿಕ್ಕಿಬಿದ್ದಾಗ ನನಗೆ ಬರುವುದು ನಾಚಿಕೆಯಲ್ಲ, ಸಿಟ್ಟು. ಗೋಡೆಯ ಬೋರ್ಡು ತೋರಿಸಿದೆ. ಅವಳು ಅದನ್ನು ಪೂರ್ತಿ ಓದಿದಳು. “ಸ್ಥಳೀಯರು ಅಂದ್ರ ಬಾದಾಮಿಯವ್ರಲ್ರಿ? ನಾ ಇಳಕಲ್ಲಾಕಿ.”

“ಚೀಲದಾಗ ಏನೈತಿ?”

ನಾನು ಕೇಳಬಾರದಿತ್ತು. ಕೇಳಿದೆ. ಅವಳು ಒಂದೊಂದೇ ತೆಗೆದು ಕೌಂಟರಿನ ಮೇಲಿಟ್ಟಳು. ಮಡಿಚಿದ ಹೊದಿಕೆ, ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಪೊಟ್ಟಣ, ಒಂದು ಟವೆಲ್. ತಳದಲ್ಲಿ ಗುಳಿಗೆಯ ಒಂದು ಪಟ್ಟಿ. ಅದನ್ನು ನೋಡಿದ್ದೇ ಮತ್ತೆ ಆರನೆಯ ನಂಬರು ನನ್ನ ಕಣ್ಣಿಗೆ ಬಂತು.

“ತಲಿನೋವಿನ ಗುಳಿಗಿ ಅದಾವ್ರಿ,” ಅಂದಳು. “ನಮ್ಮನ್ಯಾಗ ಎಂಟ ಮಂದಿ, ಎರಡ ಮಗ್ಗ. ಬಾಜೂಕ ಪಾವರ್‌ಲೂಮು, ಹಗಲೂ ರಾತ್ರಿ ಖಟಾಖಟಿ. ನಾ ಮಲಗೂ ಜಾಗಾ ಬಾಗಲದಾಗ, ಹೋಗಾವ್ರು ಬರಾವ್ರು ದಾಟ್ಕೊಂತ ಹೋಗ್ತಾರ. ಮದಿವ್ಯಾದಾಗಿಂದ ಒಂದ್ ದಿನಾನೂ ಚಿಲಕಾ ಹಾಕ್ಕೊಂಡು ಮಲಗಿಲ್ರಿ. ಹೋದ ಸಲ ಬನಶಂಕರಿಗೆ ಬಂದಾಗ ಬಸ್ಸಿನ್ಯಾಗಿಂದ ನಿಮ್ಮ ಹೊರಗಿನ ಬೋರ್ಡ್ ಓದಿದ್ದೆ, ಪ್ರಶಾಂತ ವಸತಿ ಅಂತ. ಒಂದ್ ದಿನ ಅಲ್ಲೆ ಮಲಗಬೇಕಂತ ಆವಾಗ ಅನ್ಕೊಂಡೆ. ಮನ್ಯಾಗ ಹಂಗ ಹೇಳಾಕ ಆಕ್ಕೈತೇನ್ರಿ? ಗುಡಿಗೆ ಹೋಗ್ತೇನಿ ಅಂತ ಹೇಳಿ ಬಂದೇನಿ.”

ನೋಡಿ, ಅಲ್ಲಿಗೆ ನನಗೆ ಬೇಕಾದದ್ದು ಸಿಕ್ಕಿಬಿಟ್ಟಿತು. ಮನೆಯಲ್ಲಿ ಸುಳ್ಳು ಹೇಳಿ ಬಂದವಳು. ಮಿಕ್ಕ ಮಾತು ಯಾವುದೂ ನನ್ನ ಕಿವಿಗೆ ಹೋಗಲಿಲ್ಲ. ನಿದ್ದೆ ಮಾಡಲು ಯಾರಾದರೂ ಊರು ಬಿಟ್ಟು ಬರುತ್ತಾರೆಯೇ? ಇಷ್ಟು ಸರಳ ಕಾರಣ ಯಾರಿಗಾದರೂ ಇರುತ್ತದೆಯೇ?

“ಕೊಡಾಕ ಬರೂದಿಲ್ಲ. ಲಾಡ್ಜ್ ನಂದು. ಕೊಡೂದು ಬಿಡೂದು ನನಗ ಸೇರಿದ್ದು.”

ಅವಳು ಸಾಮಾನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಳು. ಹೋಗುವಾಗ ರಿಜಿಸ್ಟರ್ ಕಡೆ ಒಮ್ಮೆ ನೋಡಿ, “ದರ್ಶನಕ್ಕ ಅಂತ ಬರದಿದ್ರ ಕೊಡತಿದ್ರೇನ್ರಿ?” ಎಂದು ಕೇಳಿದಳು. ಕೊಡುತ್ತಿದ್ದೆನೋ ಏನೋ. ಇಳಕಲ್ಲಿನ ಒಂದು ಕುಟುಂಬ ಬನಶಂಕರಿಗೆಂದು ಬಂದಿದ್ದಾಗ ಬೋರ್ಡಿನ ಕೆಳಗೇ ಕೂತು ರೂಮು ಕೊಟ್ಟದ್ದು ನೆನಪಾಯಿತು.

ಆಮೇಲೆ ನಾನು ಮಾಡಿದ್ದನ್ನು ಹೇಳಲೇಬೇಕು. ಅವಳು ಮೆಟ್ಟಿಲು ಇಳಿದ ಕೂಡಲೇ ರಿಜಿಸ್ಟರಿನಲ್ಲಿದ್ದ ನಂಬರಿಗೆ ಫೋನು ಹಚ್ಚಿದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ಗಂಡಸಿನ ದನಿ. ಹಿಂದೆ ಮಗ್ಗದ ಸದ್ದು. “ನಿಮ್ಮ ಮನಿಯವರು ಇಲ್ಲೆ ಬಾದಾಮ್ಯಾಗ ನಮ್ಮ ಲಾಡ್ಜಿಗೆ ರೂಮ್ ಕೇಳಾಕ ಬಂದಿದ್ರು. ನಾ ಕೊಟ್ಟಿಲ್ಲ. ನಿಮಗ ಗೊತ್ತಿರ್ಲಿ ಅಂತ ಹೇಳಿದ್ನಿ.” ಮಗ್ಗದ ಸದ್ದು ನಿಂತಿತು. “ಜೋಡಿ ಯಾರಿದ್ರು?” ಎಂದು ಕೇಳಿದ. “ನಾ ನೋಡಿದಾಗಂತೂ ಒಬ್ಬಾಕಿನ ಇದ್ಲಪಾ,” ಅಂದೆ.

ಒಬ್ಬಾಕಿನ ಇದ್ದಳು ಎಂದರೆ ಸಾಕಿತ್ತು. ‘ನಾ ನೋಡಿದಾಗಂತೂ’ ಯಾಕೆ ಸೇರಿಸಿದೆ? ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಅನುಮಾನ ಇರುವವಳ ಬಾಯಲ್ಲಿ ಬರಿಯ ಮಾತು ಬರುವುದೇ ಇಲ್ಲ, ಜೊತೆಗೊಂದು ಬಾಲ ಇದ್ದೇ ಇರುತ್ತದೆ.

ಅಷ್ಟಕ್ಕೂ ಬಿಡಲಿಲ್ಲ. ಮಾಳಿಗೆಯ ಮೇಲೆ ಹೋಗಿ ನಿಂತೆ. ಅಲ್ಲಿಂದ ಬಸ್ ನಿಲ್ದಾಣ ಪೂರ್ತಿ ಕಾಣುತ್ತದೆ. ಯಾರಾದರೂ ಬಂದು ಅವಳನ್ನು ಕೂಡುತ್ತಾರೆ, ಇವತ್ತು ಕಣ್ಣಾರೆ ನೋಡಿಯೇ ಬಿಡಬೇಕು ಎಂದು. ಬಿಸಿಲಲ್ಲಿ ಸೆರಗು ತಲೆಗೆ ಹಾಕಿಕೊಂಡು ಒಂದು ತಾಸಿಗಿಂತ ಹೆಚ್ಚು ನಿಂತಿದ್ದೆ. ಅವಳು ಕಲ್ಲಿನ ಬೆಂಚಿನ ಮೇಲೆ ಕೂತಳು. ಒಂದು ಚಹಾ ಕುಡಿದಳು. ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ತಿಂದು ಮುಚ್ಚಿದಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ತಲೆ ಇಟ್ಟಳು. ಪಕ್ಕದಲ್ಲಿ ಬಸ್ಸೊಂದು ಹಾರ್ನ್ ಹೊಡೆದಾಗ ಬೆಚ್ಚಿ ಎದ್ದಳು. ಮತ್ತೆ ತಲೆ ಇಟ್ಟಳು, ಮತ್ತೆ ಎದ್ದಳು. ಇಳಕಲ್ ಬಸ್ಸು ಬಂತು, ಹತ್ತಿ ಹೋದಳು. ಯಾರೂ ಬರಲಿಲ್ಲ. ನನಗೆ, ನಿಜ ಹೇಳುತ್ತೇನೆ, ಸ್ವಲ್ಪ ನಿರಾಸೆಯೇ ಆಯಿತು.

ಒಂದೂವರೆ ತಿಂಗಳ ಮೇಲೆ ಹುನಗುಂದದ ವಕೀಲರೊಬ್ಬರಿಂದ ನೋಟಿಸು ಬಂತು. ಕಾರಣವಿಲ್ಲದೆ ರೂಮು ನಿರಾಕರಿಸಿದ್ದು, ಚೀಲ ಬಿಚ್ಚಿಸಿದ್ದು, ನಂಬಿ ಕೊಟ್ಟ ನಂಬರಿಗೆ ಫೋನು ಮಾಡಿದ್ದು. ಈ ಮೂರಕ್ಕೂ ಲಿಖಿತ ಉತ್ತರ ಕೊಡದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುವುದಾಗಿ ಬರೆದಿದ್ದರು. ಮೊದಲು ನನಗೆ ಬಂದ ಯೋಚನೆ, ಇದರ ಹಿಂದೆ ಯಾರಿದ್ದಾರೆ? ಎದುರಿನ ಲಾಡ್ಜಿನವನೇ ಇರಬೇಕು, ಅವಳನ್ನು ಅವನೇ ಕಳಿಸಿರಬೇಕು. ಎರಡು ದಿನ ಅವನ ಮುಖವನ್ನು ಹದ್ದಿನ ಕಣ್ಣಿಂದ ನೋಡಿದೆ. ಪಾಪ, ಅವನು ಎಂದಿನಂತೆ “ಚಹಾ ಆತೇನ್ರಿ ಅಕ್ಕಾರ?” ಎಂದು ಕೇಳುತ್ತಲೇ ಇದ್ದ.

ಬಾಗಲಕೋಟೆಗೆ ಹೋಗಿ ನಮ್ಮ ವಕೀಲರನ್ನು ಕಂಡೆ. ನಮ್ಮ ಮನೆಯವರ ಕಾಲದಿಂದ ನಮ್ಮ ಕಾಗದಪತ್ರ ನೋಡುವವರು, ವಯಸ್ಸಾದವರು. ನೋಟಿಸು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಬೋರ್ಡ್ ಹಾಕಿದ ಕೂಡ್ಲೇ ಅದು ಕಾನೂನ ಆಗೂದಿಲ್ರಿ ಅವ್ವಾರ,” ಅಂದರು.

“ನನ್ನ ಗ್ವಾಡಿ, ನನ್ನ ರೂಮ್. ನಾಳೆ ಒಳಗ ಏನರ ಆದ್ರ ಸ್ಟೇಷನ್ನಿಗೆ ಹೋಗಾಕಿ ನಾನು. ಈಗ ಕೇಳಾವ್ರು ಆವಾಗ ಯಾರೂ ಬರೂದಿಲ್ಲ. ಬ್ಯಾಡ ಅನ್ನೂ ಹಕ್ಕು ನನಗ ಇಲ್ಲೇನ್ರಿ?”

“ಐತ್ರಿ. ಕುಡದು ಬಂದವಗ ಬ್ಯಾಡ ಅನ್ರಿ. ಗುರುತಿನ ಚೀಟಿ ಇಲ್ಲದವಗ ಬ್ಯಾಡ ಅನ್ರಿ. ಗಲಾಟಿ ಮಾಡಾವಗ ಅನ್ರಿ. ಆದ್ರ ಲಾಡ್ಜ್ ಅಂದ್ರ ನಿಮ್ಮ ಅಡಗಿಮನಿ ಅಲ್ಲ. ಊರ ಮಂದಿಗೆ ಬರ್ರಿ ಅಂತ ಬಾಗಲಾ ತಗದೀರಿ. ಹೆಂಗಸು, ಒಬ್ಬಾಕಿ, ಇದ ಜಿಲ್ಲಾದಾಕಿ ಅಂತ ಬ್ಯಾಡ ಅಂದ್ರ ಆಯೋಗದ ಮುಂದ ಏನ ಹೇಳ್ತೀರಿ? ಅನುಮಾನ ಬಂತು ಅಂತೀರೇನು? ಅನುಮಾನಕ್ಕ ಆಧಾರ ಬೇಕ್ರಿ. ಆಧಾರ್ ಕಾರ್ಡ್ ಆಕಿನ ಕೊಟ್ಟಾಳ.”

ನಮ್ಮ ಮನೆಯವರ ಸಾವಿನ ಕಥೆ ಅವರಿಗೂ ಗೊತ್ತಿತ್ತು, ಅದಕ್ಕೇ ದನಿ ತಗ್ಗಿಸಿದರು. ನನ್ನೆದುರಿಗೇ ಹುನಗುಂದದ ವಕೀಲರಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ಫೋನಿಟ್ಟು ಹೇಳಿದರು: “ಆಕಿಗೆ ಪರಿಹಾರ ಗಿರಿಹಾರ ಏನೂ ಬ್ಯಾಡಂತ. ಒಂದು ಕಾಗದ ಬೇಕಂತ.”

ಆ ವಕೀಲರು ಫೋನಿನಲ್ಲಿ ಹೇಳಿದ್ದು ಇದು: ಅವಳು ಆ ಮಂಗಳವಾರ ಇಳಕಲ್ಲಿನ ಮನೆಗೆ ಹೋಗುವುದರೊಳಗೆ ನನ್ನ ಫೋನು ಹೋಗಿ ಮುಟ್ಟಿತ್ತು. ಅತ್ತೆ ಬಾಗಿಲಲ್ಲೇ ತಡೆದಳಂತೆ. ಲಾಡ್ಜಿಗೆ ಹೋದವಳು ಒಬ್ಬಳೇ ಹೋಗಿರುತ್ತಾಳೆಯೇ? ಜೊತೆಗಿದ್ದವನು ಯಾರು ಹೇಳು. ಅವಳು ಖರೆ ಹೇಳಿದಳು, ಮಲಗಲು ಹೋಗಿದ್ದೆ ಎಂದು. ಕೇಳಿ ಓಣಿಯೆಲ್ಲ ನಕ್ಕಿತಂತೆ. ಮರುದಿನವೇ ಹುನಗುಂದದ ಹತ್ತಿರದ ತವರಿಗೆ ಕಳಿಸಿದರು. ಇಬ್ಬರು ಮಕ್ಕಳು ಇಳಕಲ್ಲಿನಲ್ಲಿ, ಅವಳು ತವರಿನಲ್ಲಿ, ಒಂದೂವರೆ ತಿಂಗಳಿಂದ. ಅವಳು ಒಬ್ಬಳೇ ಬಂದಿದ್ದಳು ಎಂದು ಹೇಳಬಲ್ಲವರು ಜಗತ್ತಿನಲ್ಲಿ ಒಬ್ಬರೇ ಇದ್ದರು, ನಾನು.

“ಬರದು ಕೊಡಬ್ಯಾಡ್ರಿ,” ಅಂದರು ನಮ್ಮ ವಕೀಲರು. “ಆಕಿ ಒಬ್ಬಾಕಿನ ಇದ್ಲು, ಯಾವ ಅನುಮಾನನೂ ಇರ್ಲಿಲ್ಲ ಅಂತ ಬರದ್ರ, ಮತ್ತ ರೂಮ್ ಯಾಕ ಕೊಡ್ಲಿಲ್ಲ ಅಂತ ನಾಳೆ ಅದ ಕಾಗದ ಹಿಡಕೊಂಡು ನಿಮ್ಮನ್ನ ಕೇಳ್ತಾರ. ಸುಮ್ಮನ ಇರ್ರಿ. ನಾ ಉತ್ತರ ಬರೀತೇನಿ, ರೂಮ್ ರಿಪೇರಿ ಇದ್ದೂವು ಅಂತ.”

ಬಸ್ಸಿನಲ್ಲಿ ಬಾದಾಮಿಗೆ ವಾಪಸು ಬರುವಾಗ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಏಳು ರೂಮು ರಿಪೇರಿ! ನನಗೆ ಭಯವೂ ಇತ್ತು, ಸುಳ್ಳು ಹೇಳುವುದಿಲ್ಲ. ಕಾಗದ ತೆಗೆದುಕೊಂಡು ನನ್ನನ್ನೇ ಸಿಕ್ಕಿಸಿದರೆ? ಮಕ್ಕಳು, ತವರು, ಅತ್ತೆ ಎಂಬುದೆಲ್ಲ ಕಟ್ಟಿದ ಕಥೆಯಾಗಿದ್ದರೆ? ಆದರೆ ಒಂದು ವಿಷಯ ಮಾತ್ರ ಎಷ್ಟು ತಿರುಗಿಸಿದರೂ ಅಲ್ಲಾಡಲಿಲ್ಲ. ಅವಳು ಒಬ್ಬಳೇ ಇದ್ದದ್ದು ಕಥೆಯಲ್ಲ. ನಾನು ಬಿಸಿಲಲ್ಲಿ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದು. ನಂಬುವವಳಾಗಿದ್ದರೆ ಅವಳು ಮೆಟ್ಟಿಲು ಇಳಿದ ಕೂಡಲೇ ಮರೆತುಬಿಡುತ್ತಿದ್ದೆ. ಅನುಮಾನದವಳಾದ್ದರಿಂದ ಅವಳ ಅರ್ಧ ರೊಟ್ಟಿಯೂ ನನಗೆ ನೆನಪಿದೆ. ಮಾರಿ ನೋಡಿ ತಿಳಿಯಲಿಲ್ಲವೇ ಎಂದು ಕೇಳಿದಾಗ ನಮ್ಮ ಮನೆಯವರ ಹತ್ತಿರ ಹೇಳಲು ಏನೂ ಇರಲಿಲ್ಲ, ಅದೇ ಅವರನ್ನು ತಿಂದುಹಾಕಿತು. ನನ್ನ ಹತ್ತಿರ ಹೇಳಲು ಎಲ್ಲವೂ ಇತ್ತು, ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಲಾಡ್ಜಿನ ಹೆಸರಿರುವ ಕಾಗದದ ಮೇಲೆ ಕೈಯಿಂದಲೇ ಬರೆದೆ. ಇಂಥ ಮಂಗಳವಾರ ಇವರು ನಮ್ಮಲ್ಲಿಗೆ ಒಬ್ಬರೇ ಬಂದಿದ್ದರು. ನಾನು ರೂಮು ಕೊಡಲಿಲ್ಲ. ಆಮೇಲೆ ಬಸ್ಸು ಹತ್ತುವ ತನಕ ಮಾಳಿಗೆಯ ಮೇಲಿಂದ ನೋಡಿದ್ದೇನೆ. ಚಹಾ ಕುಡಿದರು, ರೊಟ್ಟಿ ತಿಂದರು, ಯಾರೊಂದಿಗೂ ಮಾತಾಡಲಿಲ್ಲ, ಇಳಕಲ್ ಬಸ್ಸು ಹತ್ತಿದರು. ಇಷ್ಟು ಬರೆದು, ಆ ಹೆಂಗಸಿಗೆ ಇನ್ನೂ ಸ್ವಲ್ಪ ಒಳ್ಳೆಯದಾಗಲಿ ಎಂದು, ಮೇಲಿನ ಸಾಲಿನಲ್ಲಿ ಒಂದು ಮಾತು ಸೇರಿಸಿದೆ: ‘ಬನಶಂಕರಿ ದೇವಿಯ ದರ್ಶನಕ್ಕಾಗಿ.’ ಮನೆಯಲ್ಲಿ ಗುಡಿಗೆಂದೇ ಹೇಳಿ ಹೊರಟಿದ್ದಳಲ್ಲ, ಅದಕ್ಕೂ ಇದು ಹೊಂದುತ್ತದೆ ಎಂದುಕೊಂಡೆ. ರಬ್ಬರ್ ಸ್ಟಾಂಪು ಒತ್ತಿ ಸಹಿ ಹಾಕಿದೆ.

ನಮ್ಮ ವಕೀಲರಿಗೆ ಹೇಳದೆ ಹುನಗುಂದಕ್ಕೆ ಹೋದೆ. ಅವಳ ಕಡೆಯ ವಕೀಲರ ಕೋಣೆ ಚಿಕ್ಕದು, ಬಾಗಿಲ ಹೊರಗೆ ಒಂದು ಬೆಂಚು. ನಾನು ಬರುವುದನ್ನು ಮೊದಲೇ ತಿಳಿಸಿದ್ದರಿಂದ ಅವರು ಗಂಡ ಹೆಂಡತಿ ಇಬ್ಬರನ್ನೂ ಕರೆಸಿದ್ದರು. ಬೆಂಚಿನ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಅವಳ ಗಂಡ. ನಡುವೆ ಇಬ್ಬರು ಕೂಡಬಹುದಾದಷ್ಟು ಜಾಗ ಖಾಲಿ. ಅವನು ಸಣಕಲು ಮನುಷ್ಯ, ಬೆರಳ ತುದಿಯಲ್ಲಿ ನೂಲಿನ ಬಣ್ಣ ಹತ್ತಿತ್ತು. ನಾನು ಕಲ್ಪಿಸಿಕೊಂಡಿದ್ದ ರಾಕ್ಷಸನಲ್ಲ. ಅವನಿಗೂ ಸರಿಯಾಗಿ ನಿದ್ದೆ ಇದ್ದಂತೆ ಕಾಣಲಿಲ್ಲ.

ಕಾಗದ ವಕೀಲರ ಕೈಗೆ ಕೊಟ್ಟೆ. ಅವರು ಜೋರಾಗಿ ಓದಿದರು. ಗಂಡ ತಲೆ ತಗ್ಗಿಸಿ ಕೇಳಿದ. ಅವಳು ಮಾತ್ರ ಎದ್ದು ಬಂದು ಕಾಗದ ಇಸಿದುಕೊಂಡು ತಾನೇ ಇನ್ನೊಮ್ಮೆ ಓದಿದಳು.

“ಇದು ತಪ್ಪೈತ್ರಿ ಅಕ್ಕಾರ.”

“ಏನ ತಪ್ಪು?”

“ನಾ ದರ್ಶನಕ್ಕ ಬಂದಿರ್ಲಿಲ್ಲ. ನಿಮ್ಮ ಬುಕ್ಕಿನ್ಯಾಗ ಏನ ಬರದಿದ್ದೆ?”

“ಅಲ್ಲವಾ, ನಿನಗ ಚಲೋ ಆಗ್ಲಿ ಅಂತ—”

“ದೇವರ ಹೆಸರ ಹೇಳಿ ಮನಿ ಬಿಟ್ಟಿದ್ದಕ್ಕ ಇಷ್ಟೆಲ್ಲಾ ಆತ್ರಿ. ಆಮ್ಯಾಲ ನಾ ಖರೆ ಹೇಳೇನಿ, ಮಲಗಾಕ ಹೋಗಿದ್ನಿ ಅಂತ. ಯಾರೂ ನಂಬಿಲ್ಲ, ಹೇಳೇನಿ. ಈಗ ನೀವು ದರ್ಶನ ಅಂತ ಬರದ್ರ ನಾ ಮತ್ತ ಸುಳ್ಳಾಕಿ ಆಗ್ತೇನಿ. ಇದ್ದದ್ದು ಬರೀರಿ.”

ನನಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗಬೇಕೆನಿಸಿತು. ರೂಮು ಕೊಡದಿದ್ದ ದಿನ ಆಗಿರದ ನಾಚಿಕೆ, ಒಳ್ಳೆಯದು ಮಾಡಲು ಹೋದ ದಿನ ಆಯಿತು. ಇಷ್ಟು ವರ್ಷ ನಾನು ಸುಳ್ಳು ಬರೆದವರಿಗೆಲ್ಲ ಕೀಲಿ ಕೊಟ್ಟಿದ್ದೇನೆ. ಆ ಪುಸ್ತಕದಲ್ಲಿ ಖರೆ ಬರೆದವಳು ಇವಳೊಬ್ಬಳು, ಇವಳನ್ನೇ ಹೊರಗೆ ಹಾಕಿದೆ. ವಕೀಲರ ಹತ್ತಿರ ಬಿಳಿ ಹಾಳೆ ಇಸಿದುಕೊಂಡು, ಬೆಂಚಿನ ನಡುವಿನ ಖಾಲಿ ಜಾಗದಲ್ಲಿ ಕೂತು, ಎಲ್ಲವನ್ನೂ ಮೊದಲಿಂದ ಬರೆದೆ. ‘ಮಲಗಲು ಬಂದಿದ್ದರು. ಅವರು ಅದನ್ನೇ ಹೇಳಿದರು, ಅದನ್ನೇ ಬರೆದರು. ನಾನು ನಂಬಲಿಲ್ಲ. ನಂಬದಿರಲು ನನ್ನ ಹತ್ತಿರ ಕಾರಣ ಇರಲಿಲ್ಲ.’ ರಿಜಿಸ್ಟರಿನ ಆ ಹಾಳೆಯ ಝೆರಾಕ್ಸ್ ಕೂಡ ಕಳಿಸುತ್ತೇನೆ ಎಂದು ಬರೆದು ಸಹಿ ಹಾಕಿದೆ. ಆ ‘ಕಾರಣ ಇರಲಿಲ್ಲ’ ಎಂಬ ಸಾಲು ನೋಡಿದ್ದರೆ ನಮ್ಮ ವಕೀಲರು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಗಂಡ ಮೊದಲ ಸಲ ನನ್ನ ಮುಖ ನೋಡಿದ. “ಖರೇನ ಒಬ್ಬಾಕಿನ ಇದ್ಲೇನ್ರಿ?”

“ಒಬ್ಬಾಕಿನ ಇದ್ಲು,” ಅಂದೆ. ಈ ಸಲ ಬಾಲ ಹಚ್ಚಲಿಲ್ಲ.

ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. “ಅವ್ವಗ ಓದಿ ಹೇಳ್ತೇನಿ,” ಅಂದ. ಹೊರಡುವಾಗ ಅವಳ ಚೀಲ ಅವನೇ ಎತ್ತಿಕೊಂಡ. ನಾನು ಅದನ್ನೂ ನೋಡಿದೆ, ನೋಡುವುದು ನನ್ನ ಚಾಳಿ.

ನೋಟಿಸಿನ ಮಾತು ಅಲ್ಲಿಗೇ ನಿಂತಿತು. ನಮ್ಮ ವಕೀಲರು ಮೂರು ತಿಂಗಳು ನನ್ನ ಮೇಲೆ ಸಿಟ್ಟಾಗಿದ್ದರು. ಬೋರ್ಡು ತೆಗೆಯಿರಿ ಎಂದು ಅವರೂ ಹೇಳಿದ್ದರಾದರೂ, ನಮ್ಮ ಮನೆಯವರು ಬರೆಸಿದ್ದು, ಕೀಳಲು ಕೈ ಬರಲಿಲ್ಲ. ಅದರ ಮೇಲೆ ದೊಡ್ಡದೊಂದು ಕ್ಯಾಲೆಂಡರ್ ನೇತುಹಾಕಿದ್ದೇನೆ. ಗಾಳಿ ಬಂದಾಗ ಕ್ಯಾಲೆಂಡರ್ ಸರಿದು ‘ಮಾಲೀಕರಿಗೆ ಸೇರಿದ್ದು’ ಎಂಬಷ್ಟು ಮಾತ್ರ ಕಾಣುತ್ತದೆ. ನನ್ನ ಅನುಮಾನ ಹೋಗಿದೆ ಎಂದು ಯಾರೂ ತಿಳಿಯಬೇಡಿ. ಹೋದ ವಾರವೂ ಒಬ್ಬ ಕುಡಿದು ಬಂದವನನ್ನು ಮೆಟ್ಟಿಲಿಂದಲೇ ವಾಪಸು ಕಳಿಸಿದೆ, ಅದಕ್ಕೆ ಯಾವ ಆಯೋಗಕ್ಕೆ ಬೇಕಾದರೂ ಹೋಗಿ ಉತ್ತರ ಹೇಳುತ್ತೇನೆ.

ಈ ವರ್ಷ ಬೇಸಿಗೆಗೆ ಮೊದಲು ಒಂದು ದಿನ, ಹನ್ನೊಂದರ ಸುಮಾರಿಗೆ, ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳವಾಯಿತು. ಒಂದೇ ಜೋಡಿ. ತಲೆ ಎತ್ತದೆಯೇ ಗೊತ್ತಾಯಿತು.

“ಮಕ್ಕಳನ್ನ ಸಾಲಿಗೆ ಕಳಿಸಿ ಬಂದೇನ್ರಿ,” ಅಂದಳು. ಅಂದರೆ ಇಳಕಲ್ಲಿನಿಂದ, ತನ್ನ ಮನೆಯಿಂದ. “ಮನ್ಯಾಗ ಹೇಳೇ ಬಂದೇನಿ. ಅತ್ತಿ ಮಾರಿ ತಿರುವಿದ್ರು. ಅವ್ರು ಮಾತ್ರ ಸಂಜಿ ಬಸ್ಸಿಗೆ ಬಾ ಅಂದ್ರು.”

ರಿಜಿಸ್ಟರ್ ತಿರುಗಿಸಿಕೊಟ್ಟೆ. ದುಂಡಗಿನ ಅಕ್ಷರ. ‘ಮಲಗಲು.’ ನಾನು ಹಿಂದಿನ ಸಾಲಿನ ಎಂಟನೆಯ ನಂಬರಿನ ಕೀಲಿ ತೆಗೆದೆ, ಅಲ್ಲಿಗೆ ರಸ್ತೆಯ ಸದ್ದು ಬರುವುದಿಲ್ಲ. ಚೀಲದ ಬಗ್ಗೆ ಒಂದಕ್ಷರ ಕೇಳಲಿಲ್ಲ. ಬಾಯಿ ಕೇಳಲಿಲ್ಲ, ಕಣ್ಣು ಮಾತ್ರ ಅದರ ಮೇಲೆಯೇ ಇತ್ತು. ಅವಳಿಗೆ ಅದು ತಿಳಿಯಿತು. 

ಚೀಲಕ್ಕೆ ಕೈ ಹಾಕಿ ಗುಳಿಗೆಯ ಪಟ್ಟಿ ತೆಗೆದು ಕೌಂಟರಿನ ಮೇಲಿಟ್ಟಳು.

“ಇವು ನಿಮ್ಮ ಹಂತ್ಯಾಕ ಇರ್ಲಿರಿ,” ಅಂದಳು. “ನಿಮಗೂ ಸಮಾಧಾನ ಇರ್ಲಿ. ಹೋಗುಮುಂದ ಒಯ್ತೇನಿ.”

ಬೇಡ ಎನ್ನಬೇಕಿತ್ತು. ತೆಗೆದುಕೋ, ನಿನ್ನನ್ನು ನಂಬಿದ್ದೇನೆ ಎನ್ನಬೇಕಿತ್ತು. ಬಾಯಿಂದ ಬರಲಿಲ್ಲ. ನಾನು ಗುಳಿಗೆ ತೆಗೆದು ಡ್ರಾಯರಿನಲ್ಲಿಟ್ಟೆ. ಅವಳು ನಕ್ಕಳು, ಬೇಜಾರಿಲ್ಲದೆ. ರೂಮಿಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡ ಸದ್ದು ಕೌಂಟರಿನ ತನಕ ಕೇಳಿಸಿತು.

ಅರ್ಧ ತಾಸು ತಡೆದೆ. ಆಮೇಲೆ ತಡೆಯಲಾಗಲಿಲ್ಲ. ಒಳಗೆ ಚಿಲಕ ಹಾಕಿದ ಬಾಗಿಲಿಗೆ ಕೀಲಿ ಉಪಯೋಗವಿಲ್ಲ ಎಂದು ಗೊತ್ತಿದ್ದೂ ಎಂಟನೆಯ ನಂಬರಿನ ಎರಡನೆಯ ಕೀಲಿ ಮುಷ್ಟಿಯಲ್ಲಿ ಹಿಡಿದು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕಳ್ಳಿಯ ಹಾಗೆ ಹೋಗಿ ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಮೊದಲು ಏನೂ ಕೇಳಿಸಲಿಲ್ಲ. ನಮ್ಮ ಮನೆಯವರು ಆರನೆಯ ನಂಬರಿನ ಮುಂದೆ ಹೀಗೇ ನಿಂತಿದ್ದರು.

ಆಮೇಲೆ ಕೇಳಿಸಿತು. ಗೊರಕೆ. ಮೆತ್ತಗಿನದಲ್ಲ, ಗಂಡಸರು ಹೊಡೆಯುವಂಥ, ಬಾಯಿ ಬಿಟ್ಟ, ಯಾರ ಹಂಗೂ ಇಲ್ಲದ ಗೊರಕೆ.

ನಾನು ಅಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಅಳು ಬಂತು, ಸದ್ದಾಗದಂತೆ ಅತ್ತೆ. ಸಂಜೆ ಬಸ್ಸಿನ ಹೊತ್ತಾದಾಗ ನಾನೇ ಬಾಗಿಲು ಬಡಿದು ಎಬ್ಬಿಸಿ ಗುಳಿಗೆ ವಾಪಸು ಕೊಟ್ಟೆ. ಪಟ್ಟಿಯಲ್ಲಿ ಎಷ್ಟಿವೆ ಎಂದು ಅವಳು ಎಣಿಸಲಿಲ್ಲ.